ಇಡ್ಲಿ ತಟ್ಟೆಯಲ್ಲಿ ಬಣ್ಣ

ಮುಂಬಯಿಯಲ್ಲಿ ಒಂದು ಹಜಾರ, ಒಂದು ಮಲಗುವ ಕೋಣೆ, ಒಂದು ಅಡಿಗೆಮನೆಯ ಬಿಡಾರದಲ್ಲಿ ಸಂಸಾರ ಮಾಡುವವರು ನಾಲ್ಕು ಜನರನ್ನು ಮನೆಗೆ ಕರೆಯಬೇಕಾದರೆ ಅದಕ್ಕೊಂದು ಕಾರಣ ಬೇಕು. ಸತ್ಯನಾರಾಯಣ ಪೂಜೆ, ಅರಿಶಿನ ಕುಂಕುಮ, ಮೊಮ್ಮಗುವಿನ ನಾಮಕರಣ, ಇಲ್ಲವೆ ಊರಿನಿಂದ ಯಾರಾದರೂ ಹಲಸಿನಹಣ್ಣು ತಂದದ್ದು - ಇಂಥದೇನಾದರೂ ಇದ್ದರೆ ಬರುವವರಿಗೂ ನೆಮ್ಮದಿ. ಕಾರಣವಿಲ್ಲದೆ ಕರೆದರೆ, ಇವರಿಗೇನಾಯಿತಪ್ಪಾ ಎಂದು ಬರುವವರೇ ಗಾಬರಿಯಾಗುತ್ತಾರೆ. 2022ರ ಜುಲೈ ತಿಂಗಳಲ್ಲಿ ನಾವು ಏಳೆಂಟು ಸ್ನೇಹಿತರಿಗೆ ಫೋನು ಮಾಡಿ, "ಭಾನುವಾರ ಮಧ್ಯಾಹ್ನ ನಮ್ಮ ಮನೆಗೆ ಬನ್ನಿ, ಎಲ್ಲರೂ ಕೂತು ಬಣ್ಣದ ಅಭ್ಯಾಸ ಮಾಡೋಣ" ಎಂದಾಗ ಆದದ್ದು ಅದೇ.

ನಾವೆಂದರೆ ಮುಲುಂಡಿನ ಈ ಗಂಡಹೆಂಡಿರು. ಮುಂದೆ ಹೇಳುವುದರಲ್ಲಿ ಯಾವ ಮಾತು ಯಾರದು, ಯಾವ ಕೆಲಸ ಯಾರದು ಎಂದು ಬಿಡಿಸಿ ಹೇಳುವುದಿಲ್ಲ. ತಪ್ಪು ಬಂದ ಕಡೆ ಇಬ್ಬರದೂ ಸಮಪಾಲು ಎಂದು ಓದುಗರು ತಿಳಿದುಕೊಳ್ಳಬೇಕು.

ಮೊದಲನೆಯ ಫೋನಿಗೇ ಎಡವಟ್ಟಾಯಿತು. ಡೊಂಬಿವಲಿಯ ಮಿತ್ರರು, "ಮಳೆಗಾಲದಲ್ಲಿ ಯಾಕೆ ಬಣ್ಣ ಹೊಡೆಸುತ್ತೀರಿ? ಗೋಡೆ ಒಣಗುವುದಿಲ್ಲ. ದೀಪಾವಳಿಗೆ ಮೊದಲು ಮಾಡಿಸಿ. ನಮ್ಮ ಪೇಂಟರನ್ನೇ ಕಳಿಸುತ್ತೇನೆ" ಎಂದರು. ಗೋಡೆಯ ಬಣ್ಣ ಅಲ್ಲ, ಕಾಗದದ ಬಣ್ಣ ಎಂದು ತಿಳಿಸಿ ಹೇಳಿದ್ದಾಯಿತು. ಆಮೇಲೆ ಅವರ ಪ್ರಶ್ನೆ: "ಕಲಿಸುವವರು ಯಾರು?" ಯಾರೂ ಇಲ್ಲ ಎಂದೆವು. "ಹಾಗಾದರೆ ಸ್ಪರ್ಧೆಯೇ?" ಅದೂ ಅಲ್ಲ. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದೇ ಇಲ್ಲ. ಕೊನೆಗೆ, "ಬರುವಾಗ ಏನು ತರಲಿ?" ಎಂದರು. ಹಳೆಯ ಬಟ್ಟೆ ಹಾಕಿಕೊಂಡು ಬನ್ನಿ, ಸಾಕು ಎಂದೆವು.

ಅವರು ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ನಮ್ಮ ಕಾಲದಲ್ಲಿ ಊರಿನ ಶಾಲೆಗಳಲ್ಲಿ ಚಿತ್ರ ಬರೆಯುವ ಹುಡುಗನೆಂದರೆ ಡ್ರಾಯಿಂಗ್ ಲೋಯರ್, ಹೈಯರ್ ಪರೀಕ್ಷೆಗೆ ಕೂತವನು. ಇಲ್ಲಿ ಮಹಾರಾಷ್ಟ್ರದಲ್ಲಿ ನಮ್ಮ ಮಕ್ಕಳಿಗೆ ಎಲಿಮೆಂಟರಿ, ಇಂಟರ್‌ಮೀಡಿಯಟ್. ಬಣ್ಣದ ಪೆಟ್ಟಿಗೆ ತೆರೆದರೆ ಪರೀಕ್ಷೆ, ಪರೀಕ್ಷೆಯಾದರೆ ದರ್ಜೆ, ದರ್ಜೆ ಬಂದರೆ ಪೆಟ್ಟಿಗೆ ಕಪಾಟಿನ ಮೇಲೆ. ನಮ್ಮ ಕಪಾಟಿನ ಮೇಲೂ ಮಗಳ ಪೆಟ್ಟಿಗೆ ಹಾಗೆಯೇ ಕೂತಿತ್ತು. ಅವಳು ಮದುವೆಯಾಗಿ ಪುಣೆಗೆ ಹೋಗಿ ಹನ್ನೆರಡು ವರ್ಷ. ಇಳಿಸಿ ನೋಡಿದರೆ ಟ್ಯೂಬುಗಳೆಲ್ಲ ಕಲ್ಲಾಗಿದ್ದವು. ಬಿಲ್ಲೆಯ ಬಣ್ಣಗಳು ಮಾತ್ರ ಎರಡು ಹನಿ ನೀರು ಬಿದ್ದೊಡನೆ, ಏನೂ ಆಗಿಲ್ಲವೆಂಬಂತೆ ಕರಗಿದವು. ಟ್ಯೂಬು ಕೊಳ್ಳುವ ಶ್ರೀಮಂತರಿಗೆ ಇದು ತಿಳಿದಿರಲಿ.

ಸಲಕರಣೆಯ ವಿಷಯದಲ್ಲಿ ನಾವು ಖರ್ಚು ಮಾಡಿದ್ದು ಕಡಿಮೆ, ಬುದ್ಧಿ ಓಡಿಸಿದ್ದು ಹೆಚ್ಚು. ಬಣ್ಣ ಕಲಸಲು ಏಳೆಂಟು ಜನಕ್ಕೆ ತಟ್ಟೆ ಎಲ್ಲಿಂದ ತರುವುದು ಎಂದು ಯೋಚಿಸುವಾಗ ಕಣ್ಣಿಗೆ ಬಿದ್ದದ್ದು ಇಡ್ಲಿ ಸ್ಟ್ಯಾಂಡು. ನಾಲ್ಕು ಗುಳಿಯ ತಟ್ಟೆ. ಒಂದರಲ್ಲಿ ನೀಲಿ, ಒಂದರಲ್ಲಿ ಹಳದಿ, ಒಂದರಲ್ಲಿ ಕೆಂಪು, ನಾಲ್ಕನೆಯದು ಬೆರೆಸುವುದಕ್ಕೆ. ಇಡ್ಲಿ ತಟ್ಟೆಗೆ ತೂತಿರುತ್ತದಲ್ಲ ಎಂದು ಜಾಣ ಓದುಗರು ಕೇಳಬಹುದು. ನಮ್ಮದು ತೂತಿಲ್ಲದ ಹಳೆಯ ಕಾಲದ ಸ್ಟ್ಯಾಂಡು. ಅಂತೂ ಅದರ ನಾಲ್ಕು ಅಂತಸ್ತಿನಲ್ಲಿ ಎರಡು ಆ ದಿನ ಅಡಿಗೆಮನೆಯಿಂದ ಶಾಶ್ವತವಾಗಿ ಹೊರಬಿದ್ದವು. ಬಣ್ಣ ಕಂಡ ತಟ್ಟೆ ಮತ್ತೆ ಒಲೆಯ ಮೇಲೆ ಏರುವಂತಿಲ್ಲ. ಕೆಲವು ಬಣ್ಣ ಹೊಟ್ಟೆಗೆ ವಿಷ. ಉಳಿದವರಿಗೆ ಪಿಂಗಾಣಿಯ ಒಡೆದ ಬಸಿಗಳು. ನೆಲಕ್ಕೆ ಹಳೆಯ ಪತ್ರಿಕೆ, ಕುಂಚ ಒರಸಲು ಹರಿದ ವಾಯಿಲ್ ಸೀರೆಯ ತುಂಡು. ಕಾಗದ ಅಂಟಿಸಲು ಹಲಗೆ ಬೇಕಲ್ಲ, ಅದಕ್ಕೆ ಕೇರಂ ಬೋರ್ಡಿನ ಹಿಂಬದಿ. ಅದರ ಮೇಲೆ ಇಬ್ಬರು ಎದುರುಬದುರಾಗಿ ಕೂರಬಹುದು.

ಕಾಗದ ಒಂದರಲ್ಲಿ ಜುಗ್ಗತನ ಮಾಡಿ ಕೆಟ್ಟೆವು. ಶಾಲೆಯ ಡ್ರಾಯಿಂಗ್ ಪುಸ್ತಕದ ಹಾಳೆ ಎರಡು ಕುಂಚ ನೀರಿಗೇ ಹಪ್ಪಳದಂತೆ ಎದ್ದು ನಿಂತಿತು. ಮೂರನೆಯದಕ್ಕೆ ಅದರ ಮೈ ಕಿತ್ತು ಬತ್ತಿಯಾಯಿತು. ಎರಡನೆಯ ಕೂಟಕ್ಕೆ 300 ಗ್ರಾಮಿನ ದಪ್ಪ ಕಾಗದ ತಂದು, ಒಂದೊಂದು ಹಾಳೆಯನ್ನು ನಾಲ್ಕು ಮಾಡಿ ಹಂಚಿದೆವು. ಕಾಗದ ಚಿಕ್ಕದಾದರೆ ಭಯವೂ ಚಿಕ್ಕದು ಎಂದು ಆಗ ತಿಳಿಯಿತು. ಇನ್ನೊಂದು ಪಾಠ, ಪ್ರತಿಯೊಬ್ಬರಿಗೂ ಎರಡು ಲೋಟ ನೀರು - ಒಂದು ಕುಂಚ ತೊಳೆಯಲು, ಒಂದು ಬಣ್ಣಕ್ಕೆ ಬೆರೆಸಲು. ಆ ಲೋಟಗಳು ಗಾಜಿನವಾಗಿರಬೇಕು. ಮೊದಲ ದಿನ ಸ್ಟೀಲಿನ ಲೋಟ ಇಟ್ಟು, ಪಕ್ಕದಲ್ಲೇ ಸ್ಟೀಲಿನ ಲೋಟದಲ್ಲಿ ಕಾಫಿ ಕೊಟ್ಟೆವು. ನಮ್ಮ ಉಡುಪಿಯ ಮಿತ್ರರು ಕಾಫಿಯಲ್ಲಿ ಕುಂಚ ತೊಳೆದರು. ಅದಕ್ಕಿಂತ ಹೆಚ್ಚಿನದು ಆಗಲಿಲ್ಲವೆಂಬುದು ದೇವರ ದಯೆ.

ಮೊದಲನೆಯ ಭಾನುವಾರ ಹನ್ನೊಂದು ಗಂಟೆಯಿಂದ ಮಾಟುಂಗಾ-ಮುಲುಂಡ್ ಮಧ್ಯೆ ಮೆಗಾಬ್ಲಾಕ್. ಮುಂಬಯಿಯಲ್ಲಿ ಭಾನುವಾರ ಕಾರ್ಯಕ್ರಮ ಇಟ್ಟುಕೊಳ್ಳುವವರು ಪಂಚಾಂಗ ನೋಡದಿದ್ದರೂ ರೈಲ್ವೆಯ ಪ್ರಕಟಣೆ ನೋಡಬೇಕು. ಎರಡು ಗಂಟೆಗೆ ಎಂದವರು ಮೂರೂವರೆಗೆ, ಮಳೆಯಲ್ಲಿ ತೊಯ್ದು, ಛತ್ರಿ ಜಾಡಿಸುತ್ತ ಬಂದರು. ಹಾಲ್‌ನ ಮಧ್ಯೆ ಒಂದು ಹಿತ್ತಾಳೆ ಚೊಂಬು, ಎರಡು ಬದನೆಕಾಯಿ, ಒಂದು ಬಾಳೆಹಣ್ಣು ಇಟ್ಟಿದ್ದೆವು. "ಇದನ್ನ ಬರೀಬೇಕೇನ್ರಿ? ನನಗ ಚಿತ್ರ ಬರೂದಿಲ್ರಿ" ಎಂದು ಧಾರವಾಡದ ಅಕ್ಕ ಸೋಫಾದ ತುದಿಯಲ್ಲಿ ಕೂತರು. ನಮಗಾರಿಗೂ ಬರುವುದಿಲ್ಲ ಎಂದೆವು. ಅರ್ಧ ಗಂಟೆ ನಮ್ಮ ಒದ್ದಾಟ ನೋಡಿ ತಡೆಯಲಾರದೆ ಎದ್ದು ಬಂದು, ಕುಂಚ ತೆಗೆದುಕೊಂಡು, ಚೊಂಬಿನ ಕಂಠದಿಂದ ತಳದವರೆಗೆ ಒಂದೇ ಎಳೆತದಲ್ಲಿ ಗೆರೆ ಎಳೆದುಬಿಟ್ಟರು. ಎಡಗಡೆಯದು ಹೇಗೋ ಬಲಗಡೆಯದೂ ಹಾಗೆ. ನಾವು ಬೆರಗಾಗಿ ನೋಡಿದರೆ, "ಐವತ್ತು ವರ್ಷ ರಂಗೋಲಿ ಹಾಕೇನಿ, ಇಷ್ಟ ಬರೂದಿಲ್ಲೇನ್ರಿ?" ಎಂದು ನಮ್ಮನ್ನೇ ಕೇಳಿದರು.

ಉಡುಪಿಯ ಮಿತ್ರರು ಬದನೆಕಾಯಿಗೆ ತಿಳಿಹಸಿರು ಬಳಿದಿದ್ದರು. "ಎದುರಿಗೆ ಇಟ್ಟಿದ್ದು ಜಾಂಬಳಿ ಬಣ್ಣದ್ದು ಐತಿ, ನೀವು ಹಸರು ಬಡದೀರಲ್ಲ?" ಎಂದು ಅಕ್ಕ ಕೇಳಿದಾಗ ಅವರು ಒಮ್ಮೆ ಬದನೆಕಾಯಿ, ಒಮ್ಮೆ ಕಾಗದ ನೋಡಿದರು. "ಹೌದಲ್ಲ ಮಾರಾಯ್ರೆ! ಬದನೆ ಅಂದ ಕೂಡಲೆ ಕೈ ತಾನಾಗಿ ಗುಳ್ಳಕ್ಕೆ ಹೋಯಿತು." ಕಟಪಾಡಿಯ ಬಳಿಯ ಮಟ್ಟು ಎಂಬ ಊರಿನ ಆ ಉರುಟು, ಹಸಿರು ಗುಳ್ಳಕ್ಕೆ 2011ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ಸಿಕ್ಕಿದೆ. ಅದರ ಹುಳಿಯ ರುಚಿಯ ಬಗ್ಗೆ ಅವರು ಮುಕ್ಕಾಲು ಗಂಟೆ ಮಾತಾಡಿದರು. ಚಿತ್ರ ಮುಂದುವರಿಯಲಿಲ್ಲ.

ಮಳೆಗಾಲದಲ್ಲಿ ಮುಂಬಯಿಯ ಗಾಳಿಯಲ್ಲಿ ಏನೂ ಒಣಗುವುದಿಲ್ಲ. ಬಟ್ಟೆ ಒಣಗದು, ಬಣ್ಣವೂ ಒಣಗದು. ಮೊದಲು ಹಚ್ಚಿದ ಹಳದಿ ಒಣಗುವ ಮುನ್ನ ಪಕ್ಕದಲ್ಲಿ ನೀಲಿ ಹಚ್ಚಿದರೆ ಎರಡೂ ಓಡಿಹೋಗಿ ಸೇರಿಕೊಳ್ಳುತ್ತವೆ. ಬೇಸತ್ತು ಕೊನೆಗೆ ಹಸಿ ಕಾಗದದ ಮೇಲೆಯೇ ಬಣ್ಣ ಬಿಟ್ಟು, ಅದು ಎಲ್ಲಿಗೆ ಹೋಗುತ್ತದೋ ನೋಡುತ್ತ ಕೂತೆವು. ಅಲ್ಟ್ರಾಮರೀನ್ ನೀಲಿಗೆ ಚೂರು ಬರ್ಂಟ್ ಸಿಯೆನ್ನಾ ಎಂಬ ಕಂದು ಸೇರಿಸಿದರೆ ಕಿಟಕಿಯಾಚೆಯ ಆಕಾಶ ಕಾಗದದ ಮೇಲೆ ತಾನಾಗಿ ಇಳಿಯಿತು. ಬಿಳಿಯ ಬಣ್ಣ ಯಾವುದು ಎಂದು ಒಬ್ಬರು ಕೇಳಿದರು. ಜಲವರ್ಣದಲ್ಲಿ ಬಿಳಿ ಎಂದರೆ ಕಾಗದವೇ. ಬೇಕಾದ ಕಡೆ ಬಣ್ಣ ಹಚ್ಚದೆ ಬಿಡಬೇಕು, ಮೇಲಿನಿಂದ ತರುವುದಲ್ಲ. ಇದನ್ನು ನಾವು ಮಗಳ ಹಳೆಯ ಪುಸ್ತಕದಲ್ಲಿ ಓದಿ, ಹುಟ್ಟಿನಿಂದ ತಿಳಿದವರ ಗತ್ತಿನಲ್ಲಿ ಹೇಳಿದೆವು.

ಕೂಟಕ್ಕೆ ಮೂರು ನಿಯಮ ಮಾಡಿದ್ದೆವು. ಬರೆದದ್ದಕ್ಕೆ ಹೆಸರು ಹಾಕಬಾರದು. ಚೌಕಟ್ಟು ಕಟ್ಟಿಸಬಾರದು. ಒಬ್ಬರದನ್ನು ನೋಡಿ ಇನ್ನೊಬ್ಬರು "ಚೆನ್ನಾಗಿದೆ" ಎನ್ನಬಾರದು. ಅಭ್ಯಾಸ ಎಂದ ಮೇಲೆ ಅಭ್ಯಾಸವೇ. ಮೂರನೆಯ ನಿಯಮ ಯಾಕೆಂದು ಎಲ್ಲರೂ ಕೇಳಿದರು. ಸುಮ್ಮನೆ ಎಂದೆವು.

ಸುಮ್ಮನೆ ಅಲ್ಲ. ಈ ಕೂಟಕ್ಕೊಂದು ಕಾರಣವಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ.

ನಮ್ಮ ಸ್ನೇಹಿತರಲ್ಲಿ ಒಬ್ಬರು ಮಾಸ್ತರರು. ನಗರಪಾಲಿಕೆಯ ಕನ್ನಡ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಈ ಪತ್ರಿಕೆಯ ಹಳೆಯ ಓದುಗರಿಗೆ ಅವರ ಮುಖ ನೆನಪಿಲ್ಲದಿದ್ದರೂ ಅಕ್ಷರ ನೆನಪಿರಬೇಕು. ಕಂಪ್ಯೂಟರಿನಲ್ಲಿ ಅಕ್ಷರ ಬರುವುದಕ್ಕೆ ಮೊದಲು ನಮ್ಮ ಸಮಾರಂಭಗಳ ಬಟ್ಟೆಯ ಫಲಕ, ನೋಟೀಸು ಬೋರ್ಡು, ನಾಟಕದ ಪರದೆಯ ಮೇಲಿನ ಥರ್ಮಾಕೋಲ್ ಅಕ್ಷರ, ಮಕ್ಕಳ ಪ್ರಮಾಣಪತ್ರದಲ್ಲಿ ಹೆಸರು ಎಲ್ಲವೂ ಅವರ ಕೈಯದೇ. ನಮ್ಮ ಮಗಳಿಗೆ ಮೂರನೆಯ ತರಗತಿಯಲ್ಲಿ ಭಾವಗೀತೆಗೆ ಬಂದ ಎರಡನೆಯ ಬಹುಮಾನದ ಪತ್ರ ಇನ್ನೂ ಇದೆ. ಬಹುಮಾನಕ್ಕಿಂತ ಅದರಲ್ಲಿ ಅವಳ ಹೆಸರು ಬರೆದಿರುವ ಚಂದಕ್ಕೇ ಇಟ್ಟುಕೊಂಡಿದ್ದೇವೆ. ಅಡ್ಡಗಲದ ಕುಂಚವನ್ನು ತಲೆಕಟ್ಟಿನ ಬಳಿ ಸ್ವಲ್ಪ ಒತ್ತಿ, ತಿರುವಿನಲ್ಲಿ ಸಡಿಲಿಸಿ, ಮತ್ತೆ ಒತ್ತಿ ಅವರು ಬರೆಯುವಾಗ ಮಕ್ಕಳು ಸುತ್ತ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು.

2021ರ ಕೊನೆಗೆ ಅವರಿಗೆ ಪಾರ್ಶ್ವವಾಯು ಹೊಡೆಯಿತು. ಮಾತು ಉಳಿಯಿತು, ನಡಿಗೆ ಮೂರು ತಿಂಗಳಲ್ಲಿ ಬಂತು. ಬಲಗೈ ಬಂದೂ ಬಾರದಂತಾಯಿತು. ಕೈಗೆ ಸಣ್ಣ ಸಣ್ಣ ಕೆಲಸ ಕೊಡುತ್ತಿರಬೇಕು ಎಂದು ವ್ಯಾಯಾಮ ಮಾಡಿಸುವವರು ಹೇಳಿದ್ದರು. ರಬ್ಬರಿನ ಚೆಂಡು ಹಿಸುಕಲು ಕೊಟ್ಟರೆ ಅದನ್ನು ಕಿಟಕಿಯ ಮೇಲಿಟ್ಟು ಕೂತುಬಿಡುತ್ತಿದ್ದರಂತೆ. ಪೆನ್ನು ಮುಟ್ಟುವುದಿಲ್ಲ, ಬ್ಯಾಂಕಿನ ಸಹಿಗೂ ಹೆಬ್ಬೆಟ್ಟು ಹಾಕುತ್ತೇನೆ ಎನ್ನುತ್ತಾರೆ ಎಂದು ಅವರ ಮನೆಯವರು ಮಾಟುಂಗಾದ ಹೂವಿನಂಗಡಿಯ ಮುಂದೆ ನಿಂತು ಹೇಳಿದರು. ನಮಗೆ ಅಂದಿನ ತರಕಾರಿ ಏನು ಕೊಂಡೆವೆಂಬುದೇ ನೆನಪಿಲ್ಲ.

ಅವರೊಬ್ಬರನ್ನೇ ಕರೆದು ಕುಂಚ ಕೊಟ್ಟರೆ ಅದು ಔಷಧಿ ಕೊಟ್ಟ ಹಾಗೆ. ಬಾರದ ಏಳು ಜನರ ನಡುವೆ ಎಂಟನೆಯವರಾಗಿ ಕೂತರೆ? ಇಷ್ಟೇ ನಮ್ಮ ಹಂಚಿಕೆ. ಹಸಿ ಕಾಗದದ ಮೇಲೆ ಬಣ್ಣ ಬಿಡುವುದಕ್ಕೆ ನೆಟ್ಟನೆಯ ಕೈ ಬೇಕಿಲ್ಲ, ನಡುಗುವ ಕೈಯಿಂದ ಬಿದ್ದ ಬಣ್ಣವೂ ಹಾಗೆಯೇ ಹರಡುತ್ತದೆ ಎಂಬ ಲೆಕ್ಕವನ್ನೂ ಹಾಕಿದ್ದೆವು.

ಮಾಸ್ತರರು ಬಂದರು. ಮೊದಲೆರಡು ಸಲ ಕುರ್ಚಿಯಲ್ಲಿ ಕೂತು ನೋಡಿದರು. ಮೂರನೆಯ ಸಲ ನಮ್ಮ ಅಭ್ಯಾಸ ನೋಡಲಾರದೆ, "ಕುಂಚವನ್ನು ಪೊರಕೆ ಹಿಡಿದ ಹಾಗೆ ಹಿಡಿಯಬೇಡಿ" ಎಂದರು. ನಾಲ್ಕನೆಯ ಸಲ ನೆಲಕ್ಕಿಳಿದರು. ಹಸಿ ಕಾಗದ ಮುಂದಿಟ್ಟರೆ ಪಕ್ಕಕ್ಕೆ ಸರಿಸಿ, "ಇದರಲ್ಲಿ ಅಂಚೇ ಇಲ್ಲವಲ್ಲ. ನನಗೆ ಒಣಗಿದ್ದು ಕೊಡಿ" ಎಂದರು. ಅಕ್ಷರದವರಿಗೆ ಅಂಚು ಬೇಕು. ಎಡಗೈಯಿಂದ ಬಲ ಮಣಿಕಟ್ಟನ್ನು ಹಿಡಿದು ಚೊಂಬಿನ ಗೆರೆ ಎಳೆದರು. ಗೆರೆ ಹಾವಿನಂತೆ ಹರಿಯಿತು. ಅದನ್ನು ಬಹಳ ಹೊತ್ತು ನೋಡಿ, ಪಕ್ಕದಲ್ಲಿ ಇನ್ನೊಂದು ಎಳೆದರು.

ಗೆರೆಯ ಮಾತು ಬಂದಾಗಲೆಲ್ಲ ಅವರು ಹೆಬ್ಬಾರರನ್ನು ನೆನೆಯುತ್ತಿದ್ದರು. ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿ, ಈ ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಕಲಿತು, ಅಲ್ಲಿಯೇ ಕಲಿಸಿ, 1996ರಲ್ಲಿ ತೀರಿಕೊಂಡ ಕೆ. ಕೆ. ಹೆಬ್ಬಾರರು ಲಯವನ್ನು ತಿಳಿಯಲೆಂದು ಕಥಕ್ ನೃತ್ಯ ಕಲಿತವರು. ನಾಲ್ಕೇ ಗೆರೆಯಲ್ಲಿ ನರ್ತಕಿ ತಿರುಗಿ ನಿಲ್ಲುವಂತೆ ಬರೆಯುತ್ತಿದ್ದರು. ನಾವೂ ಫೋರ್ಟಿನ ಕಚೇರಿಯಲ್ಲಿದ್ದಾಗ ಊಟದ ಬಿಡುವಿನಲ್ಲಿ ಕಾಲಾಘೋಡಾದ ಜಹಾಂಗೀರ್ ಆರ್ಟ್ ಗ್ಯಾಲರಿಗೆ ಹೋಗುತ್ತಿದ್ದೆವು. 1952ರಲ್ಲಿ ಕಟ್ಟಿದ ಆ ಗ್ಯಾಲರಿಗೆ ಪ್ರವೇಶ ಉಚಿತ, ಒಳಗೆ ತಂಪು. ಪಕ್ಕದ ಸಮೋವಾರ್‌ನಲ್ಲಿ ಚಹಾ. ಅದು 2015ರಲ್ಲಿ ಮುಚ್ಚಿತು. ಮಾಸ್ತರರು ಮಾತ್ರ ಶಾಲೆಯ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ರೈಲಿನಲ್ಲಿ ಕರೆದೊಯ್ದು ತೋರಿಸಿದವರು. ತಂಪಿಗಾಗಿ ಹೋದವರಿಗೂ ಅವರಿಗೂ ಹೋಲಿಕೆ ಎಲ್ಲಿ?

ಇನ್ನು ನಮ್ಮ ತಪ್ಪು. 2023ರ ಸಂಕ್ರಾಂತಿಯ ಮಾರನೆಯ ವಾರದ ಕೂಟದಲ್ಲಿ ಮಾಸ್ತರರ ಚೊಂಬು ಚೊಂಬಿನಂತೆ ಆಯಿತು. ವಾಲಿತ್ತು, ಕಂಠದ ಬಳಿ ಗೆರೆ ಎರಡು ಕಡೆ ತುಂಡಾಗಿತ್ತು. ಆದರೂ ಚೊಂಬು. ನಮಗೆ ಹಿಗ್ಗು ತಡೆಯಲಾಗಲಿಲ್ಲ. ಅವರು ಕೈ ತೊಳೆಯಲು ಹೋದಾಗ ಮೊಬೈಲಿನಲ್ಲಿ ಫೋಟೋ ತೆಗೆದು, "ನಮ್ಮ ಮಾಸ್ತರರ ಕೈ ಮತ್ತೆ ಕೆಲಸ ಮಾಡುತ್ತಿದೆ" ಎಂದು ಸಂಘದ ವಾಟ್ಸಾಪ್ ಗುಂಪಿಗೆ ಹಾಕಿಬಿಟ್ಟೆವು. ರಾತ್ರಿಯೊಳಗೆ ಅರುವತ್ತಕ್ಕೂ ಹೆಚ್ಚು ಜನ ಕೈಮುಗಿದರು. ಹೂವು, ದೀಪ, ಚಪ್ಪಾಳೆ. "ಅದ್ಭುತ", "ಸ್ಫೂರ್ತಿ", "ನಿಮ್ಮ ಛಲಕ್ಕೆ ನಮನ". ಮುಂದಿನ ವಾರ್ಷಿಕೋತ್ಸವದಲ್ಲಿ ಇದನ್ನು ಚೌಕಟ್ಟಿನಲ್ಲಿ ಇಡೋಣ ಎಂದು ಸಮಿತಿಯ ಒಬ್ಬರು ಬರೆದರು. ನಾವು ಮೂರು ನಿಯಮ ಮಾಡಿದವರು ಅದಕ್ಕೂ ಒಂದು ಹೆಬ್ಬೆರಳು ಒತ್ತಿದೆವು.

ಮುಂದಿನ ಕೂಟಕ್ಕೆ ಮಾಸ್ತರರು ಬರಲಿಲ್ಲ. ಶೀತ ಎಂದರು. ಅದರ ಮುಂದಿನದಕ್ಕೆ ಮೊಣಕಾಲು ನೋವು. ಯುಗಾದಿಗೆ ಬೇವುಬೆಲ್ಲ ಕೊಡಲು ಹೋದರೆ ಮಲಗಿದ್ದಾರೆ ಎಂದು ಉತ್ತರ. ಕಿಟಕಿಯ ಮೇಲೆ ರಬ್ಬರಿನ ಚೆಂಡು ಇತ್ತು.

ಮೇ ತಿಂಗಳಲ್ಲಿ, ಮುಂಚೆ ತಿಳಿಸದೆ ಹೋಗಿ, ಕ್ಷಮೆ ಕೇಳಿದೆವು. ಹೇಳದೆ ಫೋಟೋ ಹಾಕಿದ್ದು ತಪ್ಪಾಯಿತು ಎಂದೆವು. ಅವರು ಸ್ವಲ್ಪ ಹೊತ್ತು ಪಂಖ ನೋಡಿದರು.

"ಫೋಟೋ ಹಾಕಿದ್ದಕ್ಕೆ ನನಗೆ ಬೇಸರವಿಲ್ಲ" ಎಂದರು. "ಮೊದಲು ನಾನು ಬೋರ್ಡು ಬರೆದರೆ ಇದೇ ಜನ ಏಣಿಯ ಕೆಳಗೆ ನಿಂತು, ಮಾಸ್ತರೇ, ಉತ್ಸವದ ಒತ್ತು ವಾಲಿದೆ ಎನ್ನುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ಬೈದುಕೊಂಡೇ ಏಣಿ ಹತ್ತಿ, ಅಳಿಸಿ ಬರೆಯುತ್ತಿದ್ದೆ. ಆ ಚೊಂಬು ನೀವೂ ನೋಡಿದಿರಲ್ಲ. ಇಡೀ ಸಂಘದಲ್ಲಿ ಒಬ್ಬನಾದರೂ, ಮಾಸ್ತರೇ ಇದು ವಾಲಿದೆ ಎಂದನೆ? ಎಲ್ಲರೂ ಕೈಮುಗಿದರು. ನನ್ನ ಫೋಟೋಕ್ಕೆ ಹಾರ ಹಾಕಿದ ಹಾಗಾಯಿತು."

ನಮಗೆ ಉತ್ತರ ತೋಚಲಿಲ್ಲ. ಅವರ ಮನೆಯವರು ಒಳಗಿನಿಂದ ಮಜ್ಜಿಗೆ ತಂದರು. ಕುಡಿದು, ಸುಮ್ಮನೆ ಎದ್ದೆವು. ಬಾಗಿಲ ಬಳಿ ನಮ್ಮಲ್ಲೊಬ್ಬರಿಗೆ ಎಲ್ಲಿಂದಲೋ ಧೈರ್ಯ ಬಂದು, "ವಾಲಿದ್ದಷ್ಟೇ ಅಲ್ಲ ಮಾಸ್ತರೇ, ಅದರ ತಳ ಇನ್ನೂ ಕೆಟ್ಟದಾಗಿತ್ತು" ಎಂದುಬಿಟ್ಟರು. ಇನ್ನೊಬ್ಬರಿಗೆ ಎದೆ ಧಸಕ್ಕೆಂದಿತು. ಮಾಸ್ತರರು, "ತಳ ನನಗೂ ಗೊತ್ತು. ಕುಂಚದಲ್ಲಿ ನೀರು ಹೆಚ್ಚಾಗಿತ್ತು" ಎಂದರು.

ಜೂನ್ ಎರಡನೆಯ ಭಾನುವಾರ ಬಂದರು. ಬಂದವರೇ ಷರತ್ತು ಹಾಕಿದರು: ಮೂರನೆಯ ನಿಯಮ ಅರ್ಧ ಮಾತ್ರ ಸರಿ, ಚೆನ್ನಾಗಿದೆ ಎನ್ನಬಾರದು ನಿಜ, ಆದರೆ ಕೆಟ್ಟದ್ದನ್ನು ಕೆಟ್ಟದ್ದು ಎನ್ನಬೇಕು, ತನಗೂ ಅನ್ನಬೇಕು. ಎಲ್ಲರೂ ತಲೆಯಾಡಿಸಿದರು, ಯಾರಿಗೂ ಬಾಯಿ ಬರಲಿಲ್ಲ. ಮಾಸ್ತರರು ಅರ್ಧ ಗಂಟೆ ಬೆವರು ಒರಸಿಕೊಳ್ಳುತ್ತ ಬರೆದು ಕಾಗದ ಎತ್ತಿ ಹಿಡಿದರು. ಹಾಲ್‌ನಲ್ಲಿ ಪಂಖದ ಸದ್ದು ಮಾತ್ರ. ಕೊನೆಗೆ ಧಾರವಾಡದ ಅಕ್ಕ ಕನ್ನಡಕ ಏರಿಸಿ ನೋಡಿ, "ಮಾಸ್ತರ್ರ, ಇದು ಚೊಂಬೋ, ಕುಂಬಳಕಾಯೋ?" ಎಂದರು.

ಮಾಸ್ತರರು ಕಾಗದವನ್ನು ತಿರುಗಿಸಿ ತಾವೂ ನೋಡಿದರು. "ಕುಂಬಳಕಾಯಿ" ಎಂದು, ನಕ್ಕು, ಇನ್ನೊಂದು ಕಾಗದ ಕೇಳಿದರು.

ಕೂಟ ಈಗಲೂ ತಿಂಗಳ ಎರಡನೆಯ ಭಾನುವಾರ ನಡೆಯುತ್ತಿದೆ. ಮಾಸ್ತರರ ಗೆರೆ ಹಿಂದಿನಂತಾಗಿಲ್ಲ. ಆಗುವುದಿಲ್ಲ ಎಂದು ಅವರೇ ಹೇಳುತ್ತಾರೆ. ಬ್ಯಾಂಕಿನಲ್ಲಿ ಸಹಿ ಹಾಕುತ್ತಾರೆ. ಹಳೆಯ ಸಹಿಗೆ ಹೋಲುವುದಿಲ್ಲವೆಂದು ಎರಡು ಸಲ ವಾಪಸು ಕಳಿಸಿದ ಮೇಲೆ ಹೊಸ ಸಹಿ ಕೊಟ್ಟು ಬಂದಿದ್ದಾರೆ. ಚೊಂಬು ಬಿಟ್ಟು ಅವರೀಗ ಅಕ್ಷರಕ್ಕೆ ಬಂದಿದ್ದಾರೆ. ಹೋದ ತಿಂಗಳು ಇಡೀ ಮಧ್ಯಾಹ್ನ "ಅ" ಒಂದನ್ನೇ ಬರೆದರು. ನಲವತ್ತಕ್ಕೂ ಮೇಲೆ ಆಯಿತು. ಅದರಲ್ಲಿ ಯಾವುದು ಪರವಾಗಿಲ್ಲ ಎಂಬ ವಿಷಯದಲ್ಲಿ ಉಡುಪಿಯವರಿಗೂ ಅಕ್ಕನಿಗೂ ಜಗಳವಾಗಿ, ತೀರ್ಮಾನವಾಗದೆ, ಡೊಂಬಿವಲಿಯವರ ಆರೂವರೆಯ ಗಾಡಿ ತಪ್ಪಿತು. ಎಲ್ಲರಿಗೂ ರಾತ್ರಿಯ ಊಟಕ್ಕೆ ಇಡ್ಲಿಯನ್ನೇ ಮಾಡಿದೆವು. ಸ್ಟ್ಯಾಂಡಿನಲ್ಲಿ ಉಳಿದಿರುವುದು ಎರಡೇ ತಟ್ಟೆಯಾದ್ದರಿಂದ ಕೊನೆಯ ಪಂಕ್ತಿ ಏಳುವಾಗ ಹತ್ತು ಗಂಟೆ.